ಅಭ್ಯರ್ಥಿ ಇಲ್ಲಿಯವರೇ ಆಗಿರ್ಬೇಕಾ?

ಪ್ರಶ್ನೆ: ಸರ್, ನಮ್ಮ ಕ್ಷೇತ್ರದಲ್ಲಿ ಎಲೆಕ್ಷನ್ ಬಂದಾಗೆಲ್ಲ ಎಲ್ಲಿಂದಲೋ ಒಬ್ರನ್ನ ಕರ್ಕೊಂಡ್ ಬಂದು ನಿಲ್ಲಿಸ್ತಾರೆ, ಅವರಿಗೆ ಇಲ್ಲಿ ಮನೆ ಇಲ್ಲ, ವೋಟಿಲ್ಲ, ಗೆದ್ದ್ ಮೇಲೆ ಮುಖಾನೂ ಇಲ್ಲ. ಕ್ಷೇತ್ರದಲ್ಲಿ ವಾಸ ಇಲ್ದೇ ಇರೋರು ನಿಲ್ಲಂಗಿಲ್ಲ ಅಂತ ಒಂದು ಕಾನೂನು ತಂದ್ಬಿಟ್ರೆ ಮುಗೀತಲ್ವಾ?

ಉತ್ತರ: ಮುಗಿಯಲ್ಲ ಸ್ವಾಮಿ, ಅಲ್ಲಿಂದಲೇ ಶುರು ಆಗುತ್ತೆ. ಮೊದ್ಲು ಈಗಿರೋ ಕಾನೂನು ಏನು ಅಂತ ನೋಡಿ. 1951ರ ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಲೋಕಸಭೆಗೆ ನಿಲ್ಲೋರ ಹೆಸರು ದೇಶದ ಯಾವುದೋ ಒಂದು ಲೋಕಸಭಾ ಕ್ಷೇತ್ರದ ವೋಟರ್ ಲಿಸ್ಟಲ್ಲಿ ಇದ್ರೆ ಸಾಕು, ವಿಧಾನಸಭೆಗಾದ್ರೆ ಆ ರಾಜ್ಯದ ಯಾವುದಾದ್ರೂ ಕ್ಷೇತ್ರದಲ್ಲಿ ಇರ್ಬೇಕು ಅಷ್ಟೆ. ತಮಾಷೆ ಏನಂದ್ರೆ ನಾಮಪತ್ರಕ್ಕೆ ಸಹಿ ಹಾಕೋ ಸೂಚಕರು ಮಾತ್ರ ಅದೇ ಕ್ಷೇತ್ರದ ಮತದಾರರೇ ಆಗಿರ್ಬೇಕು, ಮಾನ್ಯತೆ ಇರೋ ಪಕ್ಷದ ಅಭ್ಯರ್ಥಿಗೆ ಒಬ್ರು, ಪಕ್ಷೇತರರಿಗೆ 10 ಜನ. ಅಂದ್ರೆ ‘ಇವರು ನಮಗೆ ಬೇಕು’ ಅನ್ನೋರು ಒಳಗಿನವ್ರು, ಬೇಕಾದವ್ರು ಹೊರಗಿನವ್ರಾದ್ರೂ ಪರ್ವಾಗಿಲ್ಲ. ಹೊರಗಿನ ಅಭ್ಯರ್ಥಿ ತನ್ನ ಕ್ಷೇತ್ರದ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ತಂದು ಚುನಾವಣಾಧಿಕಾರಿ ಮುಂದೆ ಇಟ್ಟ್ರೆ ಕೆಲಸ ಆಯ್ತು.

ಈಗ ನಿಮ್ಮ ಕಾನೂನಿಗೆ ಬರೋಣ. ವಾಸ ಅಂದ್ರೆ ಏನು? ಕೇಳೋಕೆ ಸುಲಭ, ಹೇಳೋಕೆ ಹೋದ್ರೆ ವಕೀಲರಿಗೆ ಹಬ್ಬ. ಅಮೆರಿಕದ ಷಿಕಾಗೋದಲ್ಲಿ ಮೇಯರ್ ಆಗ್ಬೇಕು ಅಂದ್ರೆ ಒಂದು ವರ್ಷ ಆ ನಗರದಲ್ಲಿ ವಾಸ ಇರ್ಬೇಕು ಅಂತ ನಿಯಮ. ರಾಮ್ ಇಮ್ಯಾನುಯೆಲ್ ಅನ್ನೋರು ಒಬಾಮಾ ಜೊತೆ ಕೆಲಸಕ್ಕೆ ಅಂತ ವಾಷಿಂಗ್ಟನ್‌ಗೆ ಹೋಗಿದ್ರು, ಷಿಕಾಗೋ ಮನೆ ಬಾಡಿಗೆಗೆ ಕೊಟ್ಟಿದ್ರು, 2010ರಲ್ಲಿ ಮೇಯರ್ ಆಗೋಣ ಅಂತ ವಾಪಸ್ ಬಂದ್ರೆ ಬಾಡಿಗೆದಾರ ಮನೆ ಬಿಡೋಕೆ ಒಪ್ಪಲಿಲ್ಲ. ಎದುರಾಳಿಗಳು ‘ಇವ್ರು ಇಲ್ಲಿ ವಾಸಾನೇ ಇಲ್ಲ’ ಅಂತ ತಕರಾರು ಹಾಕಿದ್ರು. ವಿಚಾರಣೇಲಿ ಏನು ಬಂತು ಗೊತ್ತಾ? ಮನೆಯ ನೆಲಮಾಳಿಗೇಲಿ ಒಂದಷ್ಟು ಡಬ್ಬಗಳನ್ನ ಬಿಟ್ಟು ಹೋಗಿದೀವಿ, ಅದ್ರಲ್ಲಿ ನನ್ನ ಹೆಂಡ್ತಿ ಮದುವೆ ಬಟ್ಟೆ ಇದೆ, ವಾಪಸ್ ಬರೋ ಮನಸ್ಸಿಲ್ದೇ ಇದ್ದಿದ್ರೆ ಅದನ್ನ ಯಾಕೆ ಬಿಡ್ತಿದ್ವಿ ಅಂತ. ಒಂದು ನಗರದ ಮೇಯರ್ ಯಾರಾಗ್ಬೇಕು ಅನ್ನೋ ಚರ್ಚೆ ಮದುವೆ ಬಟ್ಟೆ ಡಬ್ಬದ ಸುತ್ತ ತಿರುಗ್ತು! 2011ರ ಜನವರಿಯಲ್ಲಿ ಮೇಲ್ಮನವಿ ಕೋರ್ಟು ಹೆಸರು ತೆಗೀರಿ ಅಂತು, ಮೂರೇ ದಿನದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ವಾಪಸ್ ಹಾಕಿ ಅಂತು, ಫೆಬ್ರವರೀಲಿ ಅವ್ರೇ ಗೆದ್ರು. ಇಷ್ಟೆಲ್ಲ ಗಲಾಟೇಲಿ ಅವರು ಆಡಳಿತ ಚೆನ್ನಾಗಿ ಮಾಡ್ತಾರಾ ಅನ್ನೋ ಪ್ರಶ್ನೆ ಮೂಲೆ ಸೇರಿತ್ತು.

ನಮ್ಮಲ್ಲಿ ಇನ್ನೂ ಸುಲಭ, ಒಂದು ಬಾಡಿಗೆ ಕರಾರು ಪತ್ರ ಮಾಡಿಸಿ ವಿಳಾಸ ಬದಲಾಯಿಸಿಬಿಟ್ರೆ ಆಯ್ತು. ದುಡ್ಡಿರೋನು ಒಂದು ಮನೆ ಹಿಡೀತಾನೆ, ದುಡ್ಡಿಲ್ಲದ ಒಳ್ಳೆ ಕಾರ್ಯಕರ್ತ ಕ್ಷೇತ್ರದ ಗಡಿಯಿಂದ ಎರಡು ಬೀದಿ ಆಚೆ ಇದಾನೆ ಅಂತ ಹೊರಗೆ. ಜೊತೆಗೆ ಗಡಿ ಕೂಡ ನಿಂತಲ್ಲೇ ನಿಲ್ಲಲ್ಲ. 2008ರ ಮೇನಲ್ಲಿ ಕರ್ನಾಟಕ ವಿಧಾನಸಭೆಗೆ ಚುನಾವಣೆ ಆದಾಗ ಕ್ಷೇತ್ರ ಮರುವಿಂಗಡಣೆ ಆಗಿತ್ತು, ಎಷ್ಟೋ ಜನರ ಮನೆ ಇದ್ದಲ್ಲೇ ಇತ್ತು, ಕ್ಷೇತ್ರ ಮಾತ್ರ ಬದಲಾಗಿತ್ತು.

ಆದ್ರೂ ನಿಮ್ಮ ಸಿಟ್ಟು ಸುಳ್ಳಲ್ಲ. 1978ರಲ್ಲಿ ಚಿಕ್ಕಮಗಳೂರಲ್ಲಿ ಗೆದ್ದಿದ್ದ ಸಂಸದರು ಸೀಟು ಬಿಟ್ಕೊಟ್ರು, ಇಂದಿರಾ ಗಾಂಧಿ ಬಂದು ವೀರೇಂದ್ರ ಪಾಟೀಲರನ್ನ ಸೋಲಿಸಿ ಗೆದ್ರು, ನವೆಂಬರ್‌ನಲ್ಲಿ ಗೆದ್ದವರನ್ನ ಹಕ್ಕುಚ್ಯುತಿ ಅಂತ ಡಿಸೆಂಬರ್‌ನಲ್ಲೇ ಲೋಕಸಭೆ ಹೊರಗೆ ಹಾಕ್ತು, 1980ರಲ್ಲಿ ಅವರು ನಿಂತಿದ್ದು ರಾಯ್‌ಬರೇಲಿ ಮತ್ತೆ ಮೇದಕ್‌ನಲ್ಲಿ. 1999ರಲ್ಲಿ ಬಳ್ಳಾರೀಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ರೂ ಹೊರಗಿನವ್ರೇ. ಸುಷ್ಮಾ ಅವ್ರು ಕನ್ನಡ ಕಲಿತು ಭಾಷಣ ಮಾಡಿದ್ರು, ಜನ ಮೆಚ್ಕೊಂಡ್ರು, ಆದ್ರೆ ಗೆದ್ದಿದ್ದು ಸೋನಿಯಾ, ಜೊತೆಗೆ ಅಮೇಠೀಲೂ ನಿಂತು ಗೆದ್ದಿದ್ರಿಂದ ಅದನ್ನ ಇಟ್ಕೊಂಡು ಬಳ್ಳಾರಿ ಬಿಟ್ರು. ನನ್ನ ಕೇಳಿದ್ರೆ ತಪ್ಪಿರೋದು ಹೊರಗಿನವ್ರು ಅನ್ನೋದ್ರಲ್ಲಲ್ಲ, ಎರಡು ಕಡೆ ನಿಂತು ಒಂದನ್ನ ಬಿಸಾಕೋ ಅವಕಾಶದಲ್ಲಿ. 1996ಕ್ಕೆ ಮುಂಚೆ ಎಷ್ಟು ಕಡೆ ಬೇಕಾದ್ರೂ ನಿಲ್ಲಬಹುದಿತ್ತು, ಆಮೇಲೆ ಎರಡಕ್ಕೆ ಇಳಿಸಿದ್ರು. ಒಂದಕ್ಕೆ ಇಳಿಸಿ ಅನ್ನೋ ಕಾನೂನು ಕೇಳಿ, ನಾನೂ ನಿಮ್ ಜೊತೆ ಸಹಿ ಹಾಕ್ತೀನಿ.

ಪ್ರಶ್ನೆ: ಲೋಕಸಭೆ ಬಿಡಿ, ರಾಜ್ಯಸಭೆ ಅಂದ್ರೆ ರಾಜ್ಯಗಳ ಪ್ರತಿನಿಧಿ ತಾನೆ, ಅಲ್ಲಾದ್ರೂ ನಮ್ಮ ರಾಜ್ಯದವ್ರು ಬೇಡ್ವಾ?

ಉತ್ತರ: ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ. 2003ರ ತನಕ ಆ ರಾಜ್ಯದ ಮತದಾರರೇ ಆಗಿರ್ಬೇಕು ಅಂತ ಇತ್ತು, ಅದನ್ನ ತೆಗೆದು ದೇಶದಲ್ಲಿ ಎಲ್ಲಿ ವೋಟಿದ್ರೂ ಸಾಕು ಅಂತ ಮಾಡಿದ್ರು, ಪತ್ರಕರ್ತ ಕುಲದೀಪ್ ನಯ್ಯರ್ ಕೋರ್ಟಿಗೆ ಹೋದ್ರು, 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿ ಸರಿ ಅಂತು. ಅದಕ್ಕೆ ಮುಂಚೆ ಏನು ಶುದ್ಧವಾಗಿತ್ತು ಅಂತಲ್ಲ, ಮನಮೋಹನ್ ಸಿಂಗ್ 1991ರಿಂದ ಅಸ್ಸಾಂನಿಂದ ಆರಿಸಿ ಬರ್ತಿದ್ರು, ವಿಳಾಸ ಅಲ್ಲಿಯದೇ ಕೊಟ್ಟಿದ್ರು. ಆದ್ರೆ ಶಾಸಕರು ವೋಟು ಹಾಕಿ ಕಳಿಸೋ ಸೀಟಿದು, ಜನ ಸೋಲಿಸೋಕೆ ದಾರೀನೇ ಇಲ್ಲ, ಅದಕ್ಕೇ ಇಲ್ಲಿ ಕಾನೂನಿನ ಬೇಲಿ ಬೇಕಿತ್ತು ಅನ್ನೋದು ನನ್ನ ವಾದ. 2016ರಲ್ಲಿ ವೆಂಕಯ್ಯ ನಾಯ್ಡು ಅವರನ್ನ ಮತ್ತೆ ಇಲ್ಲಿಂದ ರಾಜ್ಯಸಭೆಗೆ ಕಳಿಸಬೇಡಿ, ‘ವೆಂಕಯ್ಯ ಸಾಕಯ್ಯ’ ಅಂತ ಕನ್ನಡಿಗರು ಆನ್‌ಲೈನಲ್ಲಿ ಗದ್ದಲ ಎಬ್ಬಿಸಿದ್ರು ನೆನಪಿರಬೇಕಲ್ಲ, ಅವ್ರು ಆ ಸಲ ರಾಜಸ್ಥಾನದಿಂದ ಹೋದ್ರು, ಇಲ್ಲಿಂದ ನಿರ್ಮಲಾ ಸೀತಾರಾಮನ್ ಹೋದ್ರು. ನಿರ್ಮಲಾ ಅವರೂ ಇಲ್ಲಿಯವರಲ್ಲ. ನಗಬೇಡಿ.

ಪ್ರಶ್ನೆ: ಗೆಲ್ಲೋ ತನಕ ಇಲ್ಲಿಯವ್ರು, ಗೆದ್ದ್ ಮೇಲೆ ರಾಜಧಾನಿಯವ್ರು ಆಗಿಬಿಡ್ತಾರಲ್ಲ, ಅದಕ್ಕೇನು ಮದ್ದು?

ಉತ್ತರ: ಅದೇ ನೋಡಿ ನಿಜವಾದ ಪ್ರಶ್ನೆ. ಅಮೆರಿಕದ ಇಂಡಿಯಾನಾ ರಾಜ್ಯದ ರಿಚರ್ಡ್ ಲೂಗರ್ 1977ರಿಂದ ಸೆನೆಟರ್, ಅಂದ್ರೆ ಅಲ್ಲಿನ ಸಂಸತ್ತಿನ ಮೇಲ್ಮನೆ ಸದಸ್ಯ ಆಗಿದ್ರು, ಅಲ್ಲಿದ್ದ ಮನೇನ ಅದೇ ವರ್ಷ ಮಾರಿದ್ರು, ಆದ್ರೆ ವೋಟರ್ ಲಿಸ್ಟಲ್ಲಿ ಮಾರಿದ ಮನೆ ವಿಳಾಸವೇ ದಶಕಗಟ್ಟಲೆ ಇತ್ತು. 2012ರಲ್ಲಿ ಅದು ಹೊರಗೆ ಬಂತು, ಆ ವಿಳಾಸದಲ್ಲಿ ವೋಟು ಹಾಕಂಗಿಲ್ಲ ಅಂತ ಚುನಾವಣಾ ಮಂಡಳಿ ಹೇಳ್ತು, ಮೇ ತಿಂಗಳ ಪ್ರೈಮರೀಲಿ, ಅಂದ್ರೆ ಪಕ್ಷದ ಅಭ್ಯರ್ಥೀನ ಆರಿಸೋ ಚುನಾವಣೇಲಿ, ಸ್ವಂತ ಪಕ್ಷದವ್ರೇ ಸೋಲಿಸಿದ್ರು. ಸೋಲಿಗೆ ಬೇರೆ ಕಾರಣಗಳೂ ಇದ್ವು, ಆದ್ರೆ ಎದುರಾಳಿಗೆ ಆ ಹಳೇ ವಿಳಾಸ ಒಂದು ಒಳ್ಳೇ ಆಯುಧ ಆಯ್ತು. ನೀವೂ ವೋಟು ಕೇಳೋಕೆ ಬಂದವ್ರನ್ನ ‘ನಿಮ್ಮ ಮನೆ ಎಲ್ಲಿ’ ಅಂತ ಕೇಳೋ ಬದ್ಲು, ಗೆದ್ದ ಮೇಲೆ ನಿಮ್ಮ ಆಫೀಸು ಎಲ್ಲಿರುತ್ತೆ, ಬಾಗಿಲು ಯಾವ ದಿನ ತೆಗೆದಿರುತ್ತೆ, ಒಳಗೆ ಯಾರು ಕೂತಿರ್ತಾರೆ, ನೀವು ತಿಂಗಳಲ್ಲಿ ಎಷ್ಟು ದಿನ ಅಂತ ಕೇಳಿ, ಉತ್ತರಾನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

ಪ್ರಶ್ನೆ: ತನ್ನ ವೋಟು ತನಗೇ ಹಾಕ್ಕೊಳ್ಳೋಕಾಗದೋರು ನಿಲ್ಲೋದು ನಾಚಿಕೆ ಅಲ್ವಾ ಸಾರ್?

ಉತ್ತರ: ಮುಜುಗರ ಅಂತೂ ಹೌದು. 2017ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಆರನೇ ಕ್ಷೇತ್ರದಲ್ಲಿ ಸಂಸತ್ತಿನ ಕೆಳಮನೆಗೆ ನಡೆದ ಉಪಚುನಾವಣೇಲಿ ಜಾನ್ ಆಸಫ್ ಅನ್ನೋ ಅಭ್ಯರ್ಥಿಗೆ ಹಾಗೇ ಆಯ್ತು. ಬೆಳೆದಿದ್ದು ಆ ಕ್ಷೇತ್ರದಲ್ಲೇ, ಆದ್ರೆ ಆಗ ಮನೆ ಮಾಡಿದ್ದು ಗಡಿಯಿಂದ ಸ್ವಲ್ಪ ಆಚೆ, ವೈದ್ಯಕೀಯ ಓದ್ತಿದ್ದ ಗೆಳತಿ ಜೊತೆ. ಅಮೆರಿಕದ ಸಂವಿಧಾನ ಕೇಳೋದು ಆ ರಾಜ್ಯದ ನಿವಾಸಿ ಆಗಿರ್ಬೇಕು ಅಂತ ಮಾತ್ರ, ಕ್ಷೇತ್ರದ್ದು ಕೇಳಲ್ಲ, ಹಾಗಾಗಿ ನಿಲ್ಲೋಕೆ ಅಡ್ಡಿ ಇರ್ಲಿಲ್ಲ, ಟೀವಿಯವ್ರು ಮಾತ್ರ ವೋಟಿನ ದಿನಾನೂ ಅದನ್ನೇ ಕೇಳಿದ್ರು. ಸೋತ್ರು. 2021ರ ಜನವರೀಲಿ ಅದೇ ರಾಜ್ಯದಿಂದ ಸೆನೆಟ್‌ಗೆ ಗೆದ್ರು, ಅಲ್ಲಿ ಇಡೀ ರಾಜ್ಯವೇ ಕ್ಷೇತ್ರ, ಮನೆ ಯಾವ ಗೆರೆ ಆಚೆ ಇದೆ ಅಂತ ಯಾರೂ ಕೇಳೋ ಹಾಗಿರ್ಲಿಲ್ಲ.