ಬೇಕಲ ಕೋಟೆಯಲ್ಲಿ ಹುಡುಗಿಗೆ ಸರ್ಪ್ರೈಸ್ ಆಗಿ ಪ್ರಪೋಸ್ ಮಾಡೋದು ಹೇಗೆ?

ನೀವು ಕೇಳಿದ್ದು ಇಷ್ಟು. ಇಬ್ಬರೂ ಕುಂಬಳೆ ಕಡೆಯವರು, ಮೂರು ವರ್ಷದ ಪ್ರೀತಿ, ಮನೆಯಲ್ಲಿ ಇನ್ನೂ ಗೊತ್ತಿಲ್ಲ. ನಿಮ್ಮ ಹುಡುಗಿಯ ಹುಟ್ಟುಹಬ್ಬದ ದಿನ ಬೇಕಲ ಕೋಟೆಯಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ, ಗೆಳೆಯರನ್ನೆಲ್ಲ ಸೇರಿಸಿ, ಡ್ರೋನ್ ಹಾರಿಸಿ, ಉಂಗುರ ಕೊಟ್ಟು "ಮದುವೆ ಆಗ್ತೀಯಾ" ಅಂತ ಕೇಳಬೇಕು ಅಂತ ಆಸೆ. ನಾನು ಹೆಚ್ಚುಕಮ್ಮಿ ಇದನ್ನೇ ಮಾಡಲು ಹೋದವನು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಕೋಟೆಯ ವಿಷಯ ಮುಗಿಸಿಬಿಡೋಣ. ಜಾಗ ಚಂದವೇ, ಎರಡು ಮಾತಿಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು, ಸುಮಾರು 40 ಎಕರೆ, ಮೂರು ಕಡೆ ಸಮುದ್ರ. ಆದರೆ ಸೂರ್ಯ ಮುಳುಗುವ ಮೊದಲೇ ಅಲ್ಲಿಂದ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಒಳಗೆ ನೆರಳು ಕಮ್ಮಿ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ ಸಂಜೆವರೆಗೂ ಕಾದಿರುತ್ತದೆ. ಡ್ರೋನ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಸುಮ್ನೆ ತಗೊಂಡು ಹೋಗಿ ಹಾರಿಸುವ ಹಾಗಿಲ್ಲ. ಇದ್ಯಾವುದೂ ನನಗೆ ಮೊದಲು ಗೊತ್ತಿರಲಿಲ್ಲ.

ನಾನು ಬದಿಯಡ್ಕ ಹತ್ತಿರದವನು. ಅಡಿಕೆ ತೋಟದ ಮನೆ, ಓದಿದ್ದೆಲ್ಲ ಕನ್ನಡ ಮೀಡಿಯಂ. ಅವಳು ಚೆರುವತ್ತೂರಿನವಳು, ಮನೆಮಾತು ಮಲಯಾಳ. ಕಾಸರಗೋಡಿನ ಒಂದು ಬ್ಯಾಂಕಿನಲ್ಲಿ ಕೆಲಸ, ದಿನಾ ರೈಲಿನಲ್ಲಿ ಬಂದು ಹೋಗುವುದು. ನಾವು ಮಾತಾಡುವುದು ಮಲಯಾಳದಲ್ಲೇ.

ಮೇ ತಿಂಗಳ ಒಂದು ಭಾನುವಾರ ಅವಳನ್ನು ಬೇಕಲಕ್ಕೆ ಕರೆದುಕೊಂಡು ಹೋದೆ. ನಾಲ್ಕು ಜನ ಗೆಳೆಯರು ಮೊದಲೇ ಹೋಗಿ ಕಡಲ ಬದಿಯ ಗೋಡೆಯ ಹತ್ತಿರ ನಿಂತಿದ್ದರು. ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆದ ದೊಡ್ಡ ಬೋರ್ಡು. ರಜೆಯ ಸಮಯ, ಜಾತ್ರೆಯ ಹಾಗೆ ಜನ. ಬೋರ್ಡು ನೋಡಿ ಯಾರೋ ಒಬ್ಬರು ಆಗಲೇ ಮೊಬೈಲ್ ಎತ್ತಿ ಹಿಡಿದಿದ್ದರು. ಅವಳಿಗೆ ಬೋರ್ಡು ಕಾಣಲಿಲ್ಲ. ಕಂಡದ್ದು ಅವಳ ಬೀದಿಯ ಒಂದು ಕುಟುಂಬ. ಶಾಲನ್ನು ತಲೆ ಮೇಲೆ ಎಳೆದುಕೊಂಡಳು. ಬ್ಯಾಗಿನ ಪಟ್ಟಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳ ಗೆಣ್ಣು ಬಿಳಿಚಿಕೊಂಡಿತ್ತು. "ಪೋವಾಂ" ಅಂದಳು. ಹೋಗೋಣ ಅಂತ.

ನಾನು ಗೆಳೆಯರಿಗೆ ಬೇಡ ಅಂತ ಕೈಸನ್ನೆ ಮಾಡಿದೆ. ವಾಪಸು ಬಂದೆವು. ರಾತ್ರಿ ಒಬ್ಬ ಫೋನ್ ಮಾಡಿ "ಎಂತ ಮಾರಾಯ, ಅಷ್ಟು ಹತ್ತಿರ ಬಂದು ಬಿಟ್ಟೆಯಲ್ಲ" ಅಂದ. ನನಗೆ ಆ ಬೆರಳೇ ಕಣ್ಣ ಮುಂದೆ. ಅಷ್ಟು ಜನರ ಎದುರು ನಾನು ಕೇಳಿದ್ದರೆ ಅವಳು ಹೂಂ ಅನ್ನಲೇಬೇಕಿತ್ತು. ಮನಸ್ಸಿನಲ್ಲಿ ಏನೇ ಇರಲಿ, ನನ್ನ ಮಾನ ಉಳಿಸಲು ಹೂಂ ಅನ್ನುತ್ತಿದ್ದಳು. ಹಾಗೆ ಸಿಕ್ಕಿದ ಒಪ್ಪಿಗೆ ನನಗೆ ಬೇಡವಾಗಿತ್ತು.

ನೀವು ಇದೊಂದನ್ನು ಮಾತ್ರ ದಯವಿಟ್ಟು ಯೋಚಿಸಿ. ದಿನ ಸರ್ಪ್ರೈಸ್ ಆಗಲಿ, ಜಾಗ ಸರ್ಪ್ರೈಸ್ ಆಗಲಿ. ಮದುವೆ ಅನ್ನುವ ವಿಷಯವೇ ಅವರಿಗೆ ಸರ್ಪ್ರೈಸ್ ಆಗಬಾರದು. ಮೂರು ವರ್ಷದಲ್ಲಿ ನೀವಿಬ್ಬರೂ ಮದುವೆಯ ಮಾತು ಆಡಿಯೇ ಇಲ್ಲ ಅಂತಾದರೆ ಮೊದಲು ಅದನ್ನು ಆಡಿ. ಒಂದು ಚಾ ಕುಡಿಯುವಾಗ, ಸುಮ್ನೆ. ಕೆಲಸ ಬಿಡಬೇಕಾಗುತ್ತದಾ? ಎಲ್ಲಿ ಇರುವುದು? ಮನೆಯವರಿಗೆ ಯಾರು ಯಾವಾಗ ಹೇಳುವುದು? ನಮ್ಮ ಊರಲ್ಲಿ ಹುಡುಗಿಯ ತಲೆಯಲ್ಲಿ ಓಡುವುದು ಇಂಥ ಪ್ರಶ್ನೆಗಳೇ. ಉಂಗುರದಿಂದ ಅವಕ್ಕೆ ಉತ್ತರ ಸಿಗುವುದಿಲ್ಲ.

ನಾವು ಜೂನ್‌ನಲ್ಲಿ ಆಡಿದೆವು, ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು. ಅವಳಿಗೆ ಎರಡು ಭಯ ಇತ್ತು. ಅಪ್ಪ ಇಲ್ಲ, ಅಮ್ಮ ಒಬ್ಬರೇ. ಇನ್ನೊಂದು, ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುವಾಗ ತಾನು ಮೂಲೆಯಲ್ಲಿ ಸುಮ್ಮನೆ ಕೂರಬೇಕಾ ಅಂತ. ಅವತ್ತು ನಾನು ಉತ್ತರ ಕೊಡಲಿಲ್ಲ, ಕೇಳಿಸಿಕೊಂಡೆ ಅಷ್ಟೆ.

ಆಮೇಲೆ ಆಟಿ ಬಂತು, ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು. ತೋಟದಲ್ಲಿ ಕೆಲಸ ಇಲ್ಲ, ಹೊರಗೆ ಕಾಲಿಡಲಾಗದ ಮಳೆ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮಲ್ಲಿ ಸುಮಾರು ಜನರ ಕತೆ ಇದೇ ಅಲ್ವಾ? ಅಕ್ಕನ ಮಗಳ ಒಂದನೇ ಕ್ಲಾಸಿನ ಮಲಯಾಳ ಪುಸ್ತಕ ತಂದು ಕೂತೆ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ದಿನಕ್ಕೆ ಒಂದು ಪುಟ. ತುಂಬಾ ಕಷ್ಟ ಆದದ್ದು ೞ ಅಕ್ಷರ. ಹಳಗನ್ನಡದಲ್ಲಿ ಮಳೆ ಅನ್ನುವುದು ಮೞೆ ಆಗಿತ್ತು. ನಮ್ಮಲ್ಲಿ ಆ ಅಕ್ಷರ ಬಿಟ್ಟುಹೋಯಿತು, ಅವರಲ್ಲಿ ಈಗಲೂ ಉಂಟು. ನಾನು ಬರೆಯಬೇಕಾಗಿದ್ದ "ಕಲ್ಯಾಣಂ ಕೞಿಕ್ಕಾಮೋ" (ಮದುವೆ ಆಗ್ತೀಯಾ) ಅನ್ನುವ ಮಾತಿನ ಮಧ್ಯದಲ್ಲೇ ಅದು ಕೂತಿದೆ. ಬರೆದು ಬರೆದು ಎರಡು ಪುಟ ತುಂಬಿಸಿದೆ. ಆಟಿ ಮುಗಿದು ಸೋಣ ತಿಂಗಳು ಬರುವ ಹೊತ್ತಿಗೆ ಒಂದು ಕಾಗದ ತಯಾರಾಯಿತು. ಉದ್ದ ಇಲ್ಲ. ನಿನ್ನ ಅಮ್ಮನ ಹತ್ತಿರ ಇರುವ ಹಾಗೆ ಬಾಡಿಗೆಗೆ ಮನೆ ನೋಡೋಣ. ನಮ್ಮ ಮನೆಯಲ್ಲಿ ನೀನು ಕೂತ ಕಡೆ ನಾನೂ ಕೂರುತ್ತೇನೆ, ಮಲಯಾಳ ಆಡುತ್ತೇನೆ. ಕೊನೆಗೆ ಆ ಪ್ರಶ್ನೆ.

ಜಾಗ ಅವಳೇ ಹೇಳಿದ್ದು, ಹೇಳಿದ್ದು ಅವಳಿಗೇ ನೆನಪಿರಲಿಲ್ಲ. ಮಳೆ ಇಳಿಯುತ್ತಾ ಬಂದ ಹಾಗೆ ನಮ್ಮ ಪದವುಗಳ (ಮುರಕಲ್ಲಿನ ಬಯಲು ಗುಡ್ಡಗಳ) ಮೇಲೆ ಸಣ್ಣ ನೀಲಿ ಹೂ ಹರಡುತ್ತದಲ್ಲ, ಮಲಯಾಳದಲ್ಲಿ ಅದಕ್ಕೆ ಕಾಕ್ಕಪ್ಪೂ ಅನ್ನುತ್ತಾರೆ. ಚಿಕ್ಕವಳಿದ್ದಾಗ ಓಣಂ ಪೂಕ್ಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಅಪ್ಪನ ಜೊತೆ ಹೋಗಿ ಅದನ್ನು ಕೊಯ್ಯುತ್ತಿದ್ದಳಂತೆ. ಅಪ್ಪ ಹೋದ ಮೇಲೆ ಯಾವ ಪದವಿಗೂ ಹೋಗಿಲ್ಲ ಅಂತ ಯಾವಾಗಲೋ ಅಂದಿದ್ದಳು. ನೀವೂ ಹೀಗೆ ಹುಡುಕಿ. ಮೂರು ವರ್ಷದ ಮಾತಿನಲ್ಲಿ ಖಂಡಿತ ಏನಾದರೂ ಇರುತ್ತದೆ.

ಅನಂತಪುರಕ್ಕೆ ಹೋಗೋಣ ಅಂದೆ. ಕೆರೆ ನಡುವಿನ ದೇವಸ್ಥಾನ, ನಿಮಗೆ ಪಕ್ಕದಲ್ಲೇ. ಅವಳಿಗೂ ಅಲ್ಲಿ ಇಷ್ಟ, 2022ರಲ್ಲಿ ಆ ಕೆರೆಯಲ್ಲಿದ್ದ ಬಬಿಯ ಮೊಸಳೆ ತೀರಿಕೊಂಡ ಮೇಲೆ ಹೋಗಿರಲಿಲ್ಲ. ಮನೆಯಲ್ಲಿ ದೇವಸ್ಥಾನಕ್ಕೆ ಅಂತ ಹೇಳಿಯೇ ಬಂದಳು, ಸುಳ್ಳು ಹೇಳಬೇಕಾಗಲಿಲ್ಲ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಮನೆಗೆ ಸುಳ್ಳು ಹೇಳಿ ಬಂದ ದಿನ ಮನಸ್ಸು ಅರ್ಧ ಗಡಿಯಾರದ ಮೇಲೇ ಇರುತ್ತದೆ.

ಬೆಳಗ್ಗೆ ಎಂಟು ಗಂಟೆ. ದೇವರಿಗೆ ಕೈ ಮುಗಿದು ಪದವಿಗೆ ನಡೆದೆವು. ಮುರಕಲ್ಲಿನ ಗುಳಿಗಳಲ್ಲಿ ನೀರು ನಿಂತಿತ್ತು, ಸುತ್ತ ನೀಲಿ. ಅವಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು, ಹೂ ತುಳಿಯಬಾರದು ಅಂತ. ನಾನು ಮಂಡಿ ಊರಲಿಲ್ಲ, ಭಾಷಣ ಮಾಡಲಿಲ್ಲ. ಒಂದು ಕಾಸರಗೋಡು ಸೀರೆ ತಂದಿದ್ದೆ, ಅದರ ಮಡಿಕೆಯಲ್ಲಿ ಕಾಗದ ಇಟ್ಟಿದ್ದೆ. ಕೊಟ್ಟು, "ಇವತ್ತೇ ಉತ್ತರ ಬೇಕಂತ ಇಲ್ಲ" ಅಂದೆ. ಈ ಮಾತನ್ನು ನೀವೂ ಹೇಳಿ, ಮನಸ್ಸಿಂದ ಹೇಳಿ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಆ ೞ ಮೇಲೆ ಬೆರಳಿಟ್ಟು "ಇದು ನೀನೇ ಬರೆದದ್ದಾ?" ಅಂತ ಕೇಳಿದಳು. ಕಾಪಿ ಪುಸ್ತಕ ಬ್ಯಾಗಿನಲ್ಲೇ ಇತ್ತು, ತೋರಿಸಿದೆ. ಪುಟ ತಿರುಗಿಸುತ್ತಾ ಅತ್ತಳು. ಆಮೇಲೆ, "ಅಮ್ಮನಿಗೆ ನಾನೇ ಹೇಳುತ್ತೇನೆ, ಓಣಂ ಕಳೆಯಲಿ" ಅಂದಳು.

ಉಂಗುರದ ಬಗ್ಗೆ ಕೇಳಿದ್ದೀರಿ. ನಿಮ್ಮ ಮನೆಗಳಲ್ಲಿ ಗೊತ್ತಿಲ್ಲ ಅಂತೀರಿ. ಹಾಗಾದರೆ ಆ ಚಿನ್ನದ ಉಂಗುರವನ್ನು ಅವರು ಎಲ್ಲಿ ಇಟ್ಟುಕೊಳ್ಳಬೇಕು? ಬೆರಳಿಗೆ ಹಾಕುವ ಹಾಗಿಲ್ಲ, ಕಪಾಟಿನಲ್ಲಿ ಬಟ್ಟೆಯ ಅಡಿಗೆ ಬಚ್ಚಿಟ್ಟು ದಿನಾ ಹೆದರಬೇಕು. ನಮ್ಮ ಕಡೆ ಉಂಗುರ ಹಾಕುವುದು ನಿಶ್ಚಿತಾರ್ಥಕ್ಕೆ, ಹಿರಿಯರ ಎದುರು. ಅದನ್ನು ಅಲ್ಲಿಗೇ ಬಿಡಿ. ಮನೆಯಲ್ಲಿ ಧೈರ್ಯವಾಗಿ ಉಡುವ, ಬಳಸುವ ಏನಾದರೂ ಕೊಡಿ. ನಾನು ಕೊಟ್ಟ ಸೀರೆಯನ್ನು ಅವಳು ಆ ತಿರುವೋಣಂ (ಓಣಂನ ಮುಖ್ಯ ದಿನ) ದಿನವೇ ಉಟ್ಟಳು. ಬಣ್ಣ ಚಂದ ಉಂಟು ಅಂತ ಅವಳ ಅಮ್ಮ ಅಂದರಂತೆ.

ಗೆಳೆಯರನ್ನು ಆಮೇಲೆ ಕರೆಯಿರಿ, ಒಪ್ಪಿಗೆ ಸಿಕ್ಕಿದ ಮೇಲೆ, ಹುಡುಗಿಗೂ ಇಷ್ಟ ಇದ್ದರೆ. ನನ್ನ ನಾಲ್ವರಿಗೆ ಅವಳೇ ಹೇಳಿದಳು, ಅದೇ ವಾರ, ಕಾಸರಗೋಡು ಪೇಟೆಯ ಒಂದು ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುವಾಗ. ಬೋರ್ಡಿನ ವಿಷಯ ಅವಳಿಗೆ ಗೊತ್ತಾದದ್ದೂ ಆಗಲೇ. ಅಮ್ಮನಿಗೆ ಓಣಂ ಕಳೆದ ಎರಡನೇ ವಾರ ಹೇಳಿದಳು. ನಾನು ನಮ್ಮ ಮನೆಯಲ್ಲಿ ಅದೇ ರಾತ್ರಿ ಹೇಳಿದೆ. ಸುಲಭ ಆಗಲಿಲ್ಲ, ಐದು ತಿಂಗಳು ಬೇಕಾಯಿತು. ನಿಶ್ಚಿತಾರ್ಥದ ಉಂಗುರಕ್ಕೆ ಅವಳೇ ಅಂಗಡಿಗೆ ಬಂದು ಅಳತೆ ಕೊಟ್ಟಳು.