ಹತ್ತದೇ ಹೋದ ವಿಮಾನದ ದುಡ್ಡು

ಪ್ರಶ್ನೆ: ಬೆಂಗಳೂರಿನಿಂದ ದೆಹಲಿಗೆ 5,500 ರೂಪಾಯಿ ಕೊಟ್ಟು ಟಿಕೆಟ್ ತೆಗೆದಿದ್ದೆ. ಹೊರಡುವ ದಿನವೇ ತಾಯಿಯವರನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದು ಹೋಗಲಾಗಲಿಲ್ಲ. ಆ ಗಡಿಬಿಡಿಯಲ್ಲಿ ರದ್ದು ಮಾಡಲೂ ನೆನಪಾಗಲಿಲ್ಲ. ಇದು ನಾನ್‌-ರಿಫಂಡಬಲ್ ಟಿಕೆಟ್, ಒಂದು ಪೈಸೆಯೂ ಬರುವುದಿಲ್ಲ ಎನ್ನುತ್ತಾರೆ ಏಜೆಂಟರು. ನನ್ನ ಸೀಟನ್ನು ಬೇರೆಯವರಿಗೆ ಮಾರಿಕೊಂಡಿರುವುದಿಲ್ಲವೇ?
– ಓದುಗರು, ತುಮಕೂರು

ಉತ್ತರ: ಏಜೆಂಟರು ಹೇಳಿದ್ದು ತಪ್ಪು. ನಿಮಗೆ ಸ್ವಲ್ಪ ಹಣ ಬರಬೇಕು, ಕೇಳಿ ಪಡೆಯಿರಿ.

ಟಿಕೆಟ್ಟಿನ ಮೊತ್ತ ಒಂದೇ ಗಂಟಲ್ಲ. ಅದರಲ್ಲಿ ಏರ್‌ಲೈನಿನ ಪಾಲು ಮೂಲ ದರ ಮತ್ತು ಇಂಧನ ಶುಲ್ಕ. ಉಳಿದದ್ದರಲ್ಲಿ ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ (ಯುಡಿಎಫ್), ಭದ್ರತಾ ಶುಲ್ಕ, ಜಿಎಸ್‌ಟಿ ಇರುತ್ತವೆ. ನೀವು ನಿಲ್ದಾಣಕ್ಕೆ ಕಾಲಿಡಲೇ ಇಲ್ಲ, ಹಾಗಾಗಿ ನಿಲ್ದಾಣದ ಶುಲ್ಕಗಳನ್ನು ಏರ್‌ಲೈನ್ ಇಟ್ಟುಕೊಳ್ಳುವಂತಿಲ್ಲ. ಟಿಕೆಟ್ ರದ್ದಾದರೂ, ಬಳಸದೇ ಹೋದರೂ, ಪ್ರಯಾಣಿಕ ಬಾರದೇ ಹೋದರೂ ಇವುಗಳನ್ನು ಹಿಂತಿರುಗಿಸಬೇಕು ಎಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮವಿದೆ. ಮೂಲ ದರ ವಾಪಸಿಲ್ಲ ಎಂಬ ಷರತ್ತಿನ ಆಫರ್ ಟಿಕೆಟ್ಟುಗಳಿಗೂ ಇದು ಅನ್ವಯಿಸುತ್ತದೆ.

ಲೆಕ್ಕ ಅರ್ಥವಾಗಲಿ ಎಂದು ಒಂದು ಉದಾಹರಣೆ. ನಿಮ್ಮ 5,500ರಲ್ಲಿ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ 4,300, ಅದರ ಮೇಲೆ ಶೇ. 5 ಜಿಎಸ್‌ಟಿ 215, ನಿಲ್ದಾಣದ ಶುಲ್ಕಗಳು 735, ಬುಕಿಂಗ್ ಸೈಟಿನ ಕನ್ವೀನಿಯನ್ಸ್ ಫೀ 250 ಎಂದಿಟ್ಟುಕೊಳ್ಳಿ. ನಿಮಗೆ ಬರಬೇಕಾದದ್ದು 735. ಕನ್ವೀನಿಯನ್ಸ್ ಫೀ ಹೋದಂತೆಯೇ. ಜಿಎಸ್‌ಟಿ ಬಗ್ಗೆ ಹಲವರು ತಕರಾರು ತೆಗೆಯುತ್ತಾರೆ, ಆದರೆ ಏರ್‌ಲೈನ್ ಉಳಿಸಿಕೊಳ್ಳುವ ಟಿಕೆಟ್ ಹಣಕ್ಕೂ ಪ್ರಯಾಣದ ದರದಲ್ಲೇ ತೆರಿಗೆ ಎಂದು ಕೇಂದ್ರ ಹಣಕಾಸು ಸಚಿವಾಲಯದ 2022ರ ಆಗಸ್ಟ್ ಸುತ್ತೋಲೆ ಸ್ಪಷ್ಟಪಡಿಸಿದೆ. ಆ 215ಕ್ಕಾಗಿ ಓಡಾಡಬೇಡಿ. ನಿಮ್ಮ ಟಿಕೆಟ್ಟಿನ ನಿಜವಾದ ಅಂಕಿಗಳು ಇ-ಟಿಕೆಟ್‌ನ ‘ಫೇರ್ ಬ್ರೇಕಪ್’ನಲ್ಲಿ ಸಿಗುತ್ತವೆ.

ಪಿಎನ್‌ಆರ್ ಹಾಕಿ, ‘ನೋ-ಶೋ ಟ್ಯಾಕ್ಸ್ ರಿಫಂಡ್’ (ನೋ-ಶೋ ಎಂದರೆ ಟಿಕೆಟ್ ಇದ್ದೂ ಬಾರದವರು) ಎಂದೇ ಬರೆದು ಏರ್‌ಲೈನಿಗೆ ಕೇಳಿ. ಸುಮ್ಮನೆ ‘ರಿಫಂಡ್’ ಎಂದು ಬರೆದರೆ ಮೂಲ ದರದ ಷರತ್ತು ತೋರಿಸಿ ಕೈತೊಳೆದುಕೊಳ್ಳುವುದೇ ಹೆಚ್ಚು. ಈ ಹಣ ಕೊಡುವುದಕ್ಕೆ ಏರ್‌ಲೈನ್ ಮತ್ತೆ ಶುಲ್ಕ ಹಾಕುವಂತಿಲ್ಲ. ಏಜೆಂಟರ ಮೂಲಕ ತೆಗೆದ ಟಿಕೆಟ್ ಆದರೂ ಹೊಣೆ ಏರ್‌ಲೈನಿನದೇ, ಏಕೆಂದರೆ ಏಜೆಂಟರು ಅದರ ಪ್ರತಿನಿಧಿಗಳು. ‘ಕ್ರೆಡಿಟ್ ಶೆಲ್‌ನಲ್ಲಿ ಇಡುತ್ತೇವೆ, ಮುಂದಿನ ಪ್ರಯಾಣಕ್ಕೆ ಬಳಸಿ’ ಎಂದರೆ ಬೇಡ ಎನ್ನಬಹುದು, ಆಯ್ಕೆ ಪ್ರಯಾಣಿಕರದು. ಉತ್ತರವೇ ಬಾರದಿದ್ದರೆ ಏರ್‌ಲೈನಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್ ಅಥವಾ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನು ಸೀಟಿನ ವಿಚಾರ. ರೈಲಿನಲ್ಲಿ ನೀವು ಬಾರದಿದ್ದರೆ ಟಿಟಿಇ ಆ ಬರ್ತನ್ನು ಆರ್‌ಎಸಿಯವರಿಗೆ ಕೊಡುತ್ತಾರೆ. ವಿಮಾನದಲ್ಲಿ ಬಾಗಿಲು ಹಾಕಿದ ಮೇಲೆ ಹೊಸಬರು ಹತ್ತುವುದಿಲ್ಲ, ಆದ್ದರಿಂದ ತೀರ್ಮಾನವೆಲ್ಲ ನೆಲದ ಮೇಲೆಯೇ ಆಗಬೇಕು. ದೇಶೀಯ ವಿಮಾನಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು ಮುಚ್ಚುತ್ತದೆ. ಅಷ್ಟರಲ್ಲಿ ಚೆಕ್-ಇನ್ ಆಗದವರ ಸೀಟು ಬಿಡುಗಡೆಯಾಗಿ, ಕಾಯುತ್ತಿರುವ ಪ್ರಯಾಣಿಕರಿಗೋ ರಿಯಾಯಿತಿ ಟಿಕೆಟ್ಟಿನ ಸಿಬ್ಬಂದಿಗೋ ಹೋಗಬಹುದು. ಕೆಲವರು ಬರುವುದಿಲ್ಲ ಎಂಬ ಅಂದಾಜಿನ ಮೇಲೆ ಇರುವುದಕ್ಕಿಂತ ಹೆಚ್ಚು ಟಿಕೆಟ್ ಮಾರುವ ಪದ್ಧತಿಯೂ ಇದೆ. ಆಗ ನಿಮ್ಮ ಸೀಟು ಮೊದಲೇ ಇನ್ನೊಬ್ಬರ ಪಾಲಾಗಿರುತ್ತದೆ. ಎರಡೂ ಇಲ್ಲದಿದ್ದರೆ ಸೀಟು ಖಾಲಿ ಹಾರುತ್ತದೆ. ಇದರಲ್ಲಿ ಯಾವುದು ಆಯಿತೆಂಬ ಲೆಕ್ಕವನ್ನು ನಿಮಗೆ ಒಪ್ಪಿಸುವ ಹೊಣೆ ಏರ್‌ಲೈನಿಗಿಲ್ಲ. ಮರುಮಾರಾಟದಿಂದ ಬಂದ ಹಣದಲ್ಲೂ ನಿಮಗೆ ಪಾಲಿಲ್ಲ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ, ಆದರೆ ಈಗಿರುವ ವ್ಯವಸ್ಥೆ ಇದೇ.

ಮುಂದೆ ಹೀಗಾದರೆ ಆಸ್ಪತ್ರೆಯ ಬೆಂಚಿನಲ್ಲೇ ಕೂತು, ಗಡುವಿನೊಳಗೆ ಮೊಬೈಲಿನಲ್ಲಿ ರದ್ದು ಮಾಡಿಬಿಡಿ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕವನ್ನು ಮೀರುವಂತಿಲ್ಲ. ಟಿಕೆಟ್ ದುಬಾರಿಯದಾಗಿದ್ದರೆ ಉಳಿಯುವ ಹಣ ಸಣ್ಣದಲ್ಲ. ಮೊದಲೇ ವೆಬ್ ಚೆಕ್-ಇನ್ ಮಾಡಿದ್ದರೆ ಹಲವು ಆ್ಯಪ್‌ಗಳು ರದ್ದತಿಗೆ ಬಿಡುವುದಿಲ್ಲ. ಮೊದಲು ಚೆಕ್-ಇನ್ ರದ್ದು ಮಾಡಿ, ಆಮೇಲೆ ಟಿಕೆಟ್ ರದ್ದು ಮಾಡಬೇಕು. ಜನ ಎಡವುವುದು ಹೆಚ್ಚಾಗಿ ಇಲ್ಲೇ.

ಪ್ರಶ್ನೆ: ಬ್ಯಾಗ್ ಕೊಟ್ಟು ಬೋರ್ಡಿಂಗ್ ಪಾಸ್ ಪಡೆದವರು ಗೇಟಿಗೆ ಬಾರದಿದ್ದರೆ ವಿಮಾನವನ್ನು ಅಷ್ಟು ಹೊತ್ತು ನಿಲ್ಲಿಸುವುದೇಕೆ?
– ಓದುಗರು, ಬಳ್ಳಾರಿ

ಉತ್ತರ: ಆ ಬ್ಯಾಗನ್ನು ಹುಡುಕಿ ಇಳಿಸಲು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಐರ್ಲೆಂಡ್ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬ್ ಇದ್ದ ಸೂಟ್‌ಕೇಸನ್ನು ವ್ಯಾಂಕೂವರ್‌ನಲ್ಲಿ ಚೆಕ್-ಇನ್ ಮಾಡಿಸಿದ ವ್ಯಕ್ತಿ ವಿಮಾನ ಹತ್ತಿರಲೇ ಇಲ್ಲ. ಮಾಲೀಕರಿಲ್ಲದ ಬ್ಯಾಗ್ ಹಾರಬಾರದು ಎಂಬ ಕಟ್ಟುನಿಟ್ಟಿನ ಹಿಂದೆ ಆ ಸಾವುಗಳಿವೆ. ಗೇಟ್ ಸಾಮಾನ್ಯವಾಗಿ ಹೊರಡುವ 25 ನಿಮಿಷ ಮೊದಲು ಮುಚ್ಚುತ್ತದೆ. ಹೆಸರು ಕೂಗಿದರೂ ಬಾರದಿದ್ದರೆ ನಿಮ್ಮನ್ನು ಪಟ್ಟಿಯಿಂದ ತೆಗೆದು, ಟ್ಯಾಗ್ ನಂಬರ್ ನೋಡಿ ಬ್ಯಾಗ್ ಹೊರಗೆ ಎಳೆದು, ತೂಕದ ಲೆಕ್ಕದ ಲೋಡ್‌ಶೀಟ್ ತಿದ್ದಬೇಕು. ಬ್ಯಾಗ್ ರಾಶಿಯ ತಳದಲ್ಲಿದ್ದರೆ ಮೇಲಿನವನ್ನೆಲ್ಲ ಇಳಿಸಬೇಕಾಗುತ್ತದೆ. ಒಳಗೆ ಬಂದಮೇಲೆ ಹೋಗಲಾಗದು ಎನ್ನಿಸಿದರೆ ಮೆಲ್ಲಗೆ ಹೊರನಡೆಯಬೇಡಿ, ಗೇಟಿನ ಸಿಬ್ಬಂದಿಗೆ ಹೇಳಿ.

ಪ್ರಶ್ನೆ: ಮಂಗಳೂರು–ಬೆಂಗಳೂರು–ಲಂಡನ್ ಒಂದೇ ಪಿಎನ್‌ಆರ್. ಹಿಂದಿನ ದಿನವೇ ಬೆಂಗಳೂರಲ್ಲಿ ಕೆಲಸವಿರುವುದರಿಂದ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಲಂಡನ್ ವಿಮಾನ ಹತ್ತಬಹುದೇ?
– ಓದುಗರು, ಮಂಗಳೂರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಟಿಕೆಟ್ಟಿನ ಭಾಗಗಳನ್ನು ಬರೆದ ಕ್ರಮದಲ್ಲೇ ಬಳಸಬೇಕು. ಮಂಗಳೂರಿನಲ್ಲಿ ಹತ್ತದಿದ್ದರೆ ಮುಂದಿನ ಲಂಡನ್ ಸೀಟೂ ತಾನಾಗಿ ರದ್ದಾಗುತ್ತದೆ, ಹಲವು ಏರ್‌ಲೈನ್‌ಗಳಲ್ಲಿ ಮರಳುವ ಟಿಕೆಟ್ ಕೂಡ. ಬೆಂಗಳೂರಿನ ಕೌಂಟರಿನಲ್ಲಿ ನಿಂತು ವಾದಿಸಿ ಫಲವಿಲ್ಲ. ಹೊರಡುವ ಮೊದಲೇ ಏರ್‌ಲೈನಿಗೆ ಕರೆ ಮಾಡಿ, ಮೊದಲ ಭಾಗ ತೆಗೆಸಿ ಟಿಕೆಟ್ ಮರುವಿತರಣೆ ಮಾಡಿಸಿಕೊಳ್ಳಿ. ದರದ ವ್ಯತ್ಯಾಸ ಕೊಡಬೇಕಾಗಬಹುದು. ಎರಡೂ ಬೇರೆ ಬೇರೆ ಪಿಎನ್‌ಆರ್ ಆಗಿದ್ದರೆ ಒಂದಕ್ಕೊಂದು ಸಂಬಂಧವಿಲ್ಲ, ಈ ತೊಂದರೆಯೂ ಇಲ್ಲ.

ಪ್ರಶ್ನೆ: ನಾನು ಹೋಗದಿದ್ದರೆ ಅದೇ ಟಿಕೆಟ್ಟಿನಲ್ಲಿ ತಮ್ಮ ಹೋಗಬಹುದೇ?
– ಓದುಗರು, ಹಾಸನ

ಉತ್ತರ: ಇಲ್ಲ. ಗುರುತಿನ ಚೀಟಿಯ ಹೆಸರೂ ಟಿಕೆಟ್ಟಿನ ಹೆಸರೂ ಒಂದೇ ಇರಬೇಕು.

ಪ್ರಶ್ನೆ: ಸರಿಯಾದ ಸಮಯಕ್ಕೆ ಹೋದರೂ ‘ವಿಮಾನ ತುಂಬಿದೆ’ ಎಂದು ಹತ್ತಿಸಲಿಲ್ಲ. ಪರಿಹಾರವುಂಟೇ?
– ಓದುಗರು, ಧಾರವಾಡ

ಉತ್ತರ: ಉಂಟು. ಹೆಚ್ಚು ಟಿಕೆಟ್ ಮಾರಿದ ಏರ್‌ಲೈನ್ ಮೊದಲು, ಸೀಟು ಬಿಟ್ಟುಕೊಡಲು ಒಪ್ಪುವವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಕು. ಯಾರೂ ಒಪ್ಪದೆ ನಿಮ್ಮನ್ನು ಹತ್ತಿಸದಿದ್ದರೆ, ಮೂಲ ಸಮಯದಿಂದ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟಾಗ ಪರಿಹಾರವಿಲ್ಲ. 24 ಗಂಟೆಯೊಳಗಿನದಾದರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕದ ಶೇ. 200, ಗರಿಷ್ಠ 10,000 ರೂಪಾಯಿ. ಅದನ್ನೂ ಮೀರಿದರೆ ಶೇ. 400, ಗರಿಷ್ಠ 20,000. ಬೇರೆ ವಿಮಾನವೇ ಬೇಡವೆಂದರೆ ಟಿಕೆಟ್ಟಿನ ಪೂರ್ತಿ ಹಣದ ಜೊತೆಗೆ ಶೇ. 400, ಅದೇ ಮಿತಿಯಲ್ಲಿ. ಅಂದರೆ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ 4,300 ಇದ್ದವರಿಗೆ 8,600 ಅಥವಾ 17,200.

ಕೌಂಟರಿನವರು ನಿಮ್ಮನ್ನೇ ‘ನೋ-ಶೋ’ ಎಂದು ದಾಖಲಿಸಿಬಿಟ್ಟರೆ ಇದೆಲ್ಲ ಕೈತಪ್ಪುತ್ತದೆ. ನೀವು ಸಮಯಕ್ಕೆ ಬಂದಿದ್ದಿರಿ ಎನ್ನುವುದಕ್ಕೆ ಸಾಕ್ಷಿ ಬೇಕು. ಕೌಂಟರ್ ಮುಂದೆ ಗಡಿಯಾರವೋ ಪರದೆಯೋ ಕಾಣುವಂತೆ ಫೋಟೋ ತೆಗೆಯಿರಿ, ಹತ್ತಿಸಲಿಲ್ಲವೆಂದು ಬರೆದುಕೊಡಲು ಕೇಳಿ, ಕೊಡದಿದ್ದರೆ ಅಲ್ಲಿ ನಿಂತೇ ಏರ್‌ಲೈನಿಗೆ ಇ-ಮೇಲ್ ಕಳಿಸಿ. ಇ-ಮೇಲಿನಲ್ಲಿ ಸಮಯ ತಾನಾಗಿ ದಾಖಲಾಗುತ್ತದೆ.