ಫೆಮ್ಟೊಸೆಕೆಂಡ್ ಅಳೆಯುವುದು ಕನ್ನಡಿ

ಪ್ರಶ್ನೆ: ಬಿಸ್ಮತ್ ಸೆಲೆನೈಡ್ ಹರಳಿನ ಮೇಲ್ಮೈ ಎಲೆಕ್ಟ್ರಾನುಗಳನ್ನು ಫೆಮ್ಟೊಸೆಕೆಂಡುಗಳಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಹತ್ತು ಲಕ್ಷದಲ್ಲೊಂದು ಪಾಲು) ಗಮನಿಸುತ್ತಾರಂತೆ. ಅಷ್ಟು ವೇಗದ ಡಿಟೆಕ್ಟರ್ ಇದೆಯೇ? ಲೇಸರ್ ಪಲ್ಸ್ (ಕ್ಷಣಿಕ ಬೆಳಕಿನ ಮಿಡಿತ) ಇನ್ನೂ ಚಿಕ್ಕದಾದಷ್ಟೂ ಒಳ್ಳೆಯದೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಡಿಟೆಕ್ಟರ್ ವೇಗವಾಗಿರಬೇಕಿಲ್ಲ. ಒಂದೇ ಲೇಸರ್ ಕಿರಣವನ್ನು ಎರಡಾಗಿಸುತ್ತಾರೆ. 1.5 ಎಲೆಕ್ಟ್ರಾನ್‌ವೋಲ್ಟಿನ (ಇದು ಶಕ್ತಿಯ ಮಾನ) ಪಂಪ್ ಪಲ್ಸ್ ಎಲೆಕ್ಟ್ರಾನುಗಳನ್ನು ಮೇಲಿನ ಮಟ್ಟಕ್ಕೇರಿಸುತ್ತದೆ. ಸುಮಾರು 6 ಎಲೆಕ್ಟ್ರಾನ್‌ವೋಲ್ಟಿನ ಪ್ರೋಬ್ ಪಲ್ಸ್ ಅವನ್ನು ಹರಳಿನಿಂದ ಹೊರಗೆಳೆಯುತ್ತದೆ. ಡಿಟೆಕ್ಟರ್ ಅಳೆಯುವುದು ಅವುಗಳ ಕೋನ ಮತ್ತು ಶಕ್ತಿಯನ್ನಷ್ಟೇ. ಸಮಯ ಕೊಡುವುದು ಕನ್ನಡಿ: ಪ್ರೋಬ್ ದಾರಿಯ ಕನ್ನಡಿಯನ್ನು 15 ಮೈಕ್ರೋಮೀಟರ್ ಹಿಂದೆ ಸರಿಸಿದರೆ ಬೆಳಕಿನ ಹೋಗಿಬರುವ ದಾರಿ 30 ಮೈಕ್ರೋಮೀಟರ್ ಹೆಚ್ಚಿ, ಪಲ್ಸ್ 100 ಫೆಮ್ಟೊಸೆಕೆಂಡ್ ತಡವಾಗಿ ತಲುಪುತ್ತದೆ. ಎಷ್ಟು ಸರಳ, ಎಷ್ಟು ಸೊಗಸು!

ಪ್ರೋಬ್ ಪಲ್ಸ್ ಚಿಕ್ಕದಾದಷ್ಟೂ ಶಕ್ತಿಯ ಅಳತೆ ಮಸುಕಾಗುತ್ತದೆ. 100 ಫೆಮ್ಟೊಸೆಕೆಂಡಿಗೆ ಕನಿಷ್ಠ 18 ಮಿಲಿ ಎಲೆಕ್ಟ್ರಾನ್‌ವೋಲ್ಟ್; ಪಲ್ಸನ್ನು 20 ಫೆಮ್ಟೊಸೆಕೆಂಡಿಗೆ ಇಳಿಸಿದರೆ ಮಸುಕು 90 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಈ ಹರಳಿನ ಶಕ್ತಿ ಅಂತರವೇ (ಹರಳಿನ ಒಳಗೆ ಎಲೆಕ್ಟ್ರಾನುಗಳಿಗೆ ಮಟ್ಟಗಳಿಲ್ಲದ ಶಕ್ತಿಯ ವ್ಯಾಪ್ತಿ) ಸುಮಾರು 300. ಹಾಗಾಗಿ 100 ಫೆಮ್ಟೊಸೆಕೆಂಡಿನ ಆಸುಪಾಸು ಸಾಕು.

ಹೊಸಬರು ಎಡವುವುದು ಪ್ರೋಬ್ ತೀವ್ರತೆಯಲ್ಲಿ. ಒಂದೇ ಪಲ್ಸಿಗೆ ಹೆಚ್ಚು ಎಲೆಕ್ಟ್ರಾನುಗಳು ಹೊರಬಂದರೆ ಅವು ಒಂದನ್ನೊಂದು ತಳ್ಳಿ ರೋಹಿತವೇ (ಯಾವ ಶಕ್ತಿಯಲ್ಲಿ ಎಷ್ಟು ಎಲೆಕ್ಟ್ರಾನುಗಳೆಂಬ ಚಿತ್ರ) ಸರಿಯುತ್ತದೆ. ತೀವ್ರತೆಯನ್ನು ಅರ್ಧ ಮಾಡಿ ನೋಡಿ. ಫರ್ಮಿ ಅಂಚು (ಎಲೆಕ್ಟ್ರಾನುಗಳು ತುಂಬಿದ ಮಟ್ಟಗಳ ಮೇಲಿನ ಗಡಿ) ಕದಲಿದರೆ ಇನ್ನೂ ಇಳಿಸಿ. ಹರಳನ್ನು ಅತಿನಿರ್ವಾತದೊಳಗೇ ಸೀಳಬೇಕು. ಅಲ್ಲಿಯೂ ಕೆಲವು ಗಂಟೆಗಳಲ್ಲಿ ಮೇಲ್ಮೈ ಹಳಸಿ ಡಿರಾಕ್ ಬಿಂದು (ಮೇಲ್ಮೈ ಎಲೆಕ್ಟ್ರಾನುಗಳ ಶಕ್ತಿ ರೇಖೆಗಳು ಕೂಡುವ ಬಿಂದು) ಕೆಳಗಿಳಿಯುತ್ತದೆ; ಆಗಾಗ ಪಂಪ್ ಇಲ್ಲದ ರೋಹಿತ ತೆಗೆದು ಹೋಲಿಸಿ.